ವಿಮಾ ತಪಾಸಣೆಯ ಸರ್ಕಾರಿ ವೆಚ್ಚವನ್ನು ಲೆಕ್ಕ ಹಾಕುವ ಬಗೆ

ಮೋಟಾರು ವಾಹನ ಕಾಯ್ದೆ, 1988ರ 146ನೇ ಕಲಮಿನಂತೆ ಮೂರನೇ ವ್ಯಕ್ತಿಯ ವಿಮೆ (ವಾಹನದಿಂದ ಇತರರಿಗಾಗುವ ಹಾನಿಗೆ ಪರಿಹಾರ ನೀಡುವ ವಿಮೆ) ಕಡ್ಡಾಯವಾಗಿದ್ದು, ತಪ್ಪಿದವರಿಗೆ ಮೊದಲ ಸಲ 2,000, ಮರುಕಳಿಸಿದರೆ 4,000 ರೂಪಾಯಿ ದಂಡವಿದೆ. ಜೈಲು ಶಿಕ್ಷೆಗೂ ಅವಕಾಶವಿದೆ. ಇದನ್ನು ಜಾರಿಗೊಳಿಸಲು ತಗಲುವ ವೆಚ್ಚವನ್ನು ತಿಳಿಯಬಯಸುವವರು ಮಾಹಿತಿ ಹಕ್ಕಿನಡಿ ಮೈಸೂರಿನಲ್ಲಿ ನಗರ ಪೊಲೀಸ್ ಆಯುಕ್ತರ ಕಚೇರಿಗೆ, ಮಂಡ್ಯದಲ್ಲಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳ ಕಚೇರಿಗೆ 10 ರೂಪಾಯಿ ಶುಲ್ಕದೊಡನೆ ಅರ್ಜಿ ಸಲ್ಲಿಸಬೇಕು. ರಾಜ್ಯದ ನಿಯಮದಂತೆ ಅರ್ಜಿಯು ಒಂದೇ ವಿಷಯಕ್ಕೆ, 150 ಪದಗಳಿಗೆ ಸೀಮಿತವಾಗಿರಬೇಕು.

‘ಒಟ್ಟು ವೆಚ್ಚವೆಷ್ಟು’ ಎಂದು ಕೇಳಿದರೆ ಅಂಥ ದಾಖಲೆಯೇ ಇಲ್ಲವೆಂಬ ಉತ್ತರ ಬರುವ ಸಂಭವ ಹೆಚ್ಚು. ಆದ್ದರಿಂದ ಸಂಚಾರ ಠಾಣೆಗಳ ಸಿಬ್ಬಂದಿ ವೇತನ, ಕ್ಯಾಮೆರಾಗಳ ಖರೀದಿ ಮತ್ತು ನಿರ್ವಹಣೆ, ದಾಖಲಾದ ಒಟ್ಟು ಪ್ರಕರಣಗಳು, ಅವುಗಳಲ್ಲಿ ವಿಮೆಯಿಲ್ಲದವು, ವಸೂಲಾದ ದಂಡ, ಇವುಗಳ ದಾಖಲೆಗಳನ್ನೇ ಕೇಳಬೇಕು. ಒಂದೇ ತಪಾಸಣೆಯಲ್ಲಿ ಹೆಲ್ಮೆಟ್, ಚಾಲನಾ ಪರವಾನಗಿ, ವಿಮೆ ಎಲ್ಲವನ್ನೂ ನೋಡುವುದರಿಂದ, ಒಟ್ಟು ಪ್ರಕರಣಗಳಲ್ಲಿ ವಿಮೆಯಿಲ್ಲದವುಗಳ ಪ್ರಮಾಣಕ್ಕೆ ತಕ್ಕಷ್ಟು ವೆಚ್ಚವನ್ನು ಮಾತ್ರ ವಿಮಾ ತಪಾಸಣೆಗೆ ಹಂಚುವುದು ನ್ಯಾಯ. ಈ ಪ್ರಕರಣಗಳಿಗೆ ವ್ಯಯವಾಗುವ ನ್ಯಾಯಾಲಯದ ಸಮಯವನ್ನೂ ವೆಚ್ಚದಲ್ಲಿ ಸೇರಿಸಲು ಮರೆಯಬಾರದು.

ದಂಡದ ಮೊತ್ತ ವೆಚ್ಚಕ್ಕಿಂತ ಕಡಿಮೆಯೆಂದು ತಪಾಸಣೆ ವ್ಯರ್ಥವೆನ್ನುವುದು ತಪ್ಪು: ವಿಮೆಯಿಲ್ಲದ ವಾಹನ ಒಬ್ಬರ ಜೀವ ತೆಗೆದಾಗ, ಅಪಘಾತ ಪರಿಹಾರ ನ್ಯಾಯಮಂಡಳಿ ಪರಿಹಾರ ವಿಧಿಸಿದರೂ ಮಾಲೀಕನಲ್ಲಿ ಹಣವಿಲ್ಲದಿದ್ದರೆ ಮೃತರ ಕುಟುಂಬ ಬರಿಗೈಯಲ್ಲಿ ಉಳಿಯುತ್ತದೆ. ಆ ನಷ್ಟವನ್ನು ಪ್ರತ್ಯೇಕವಾಗಿ ಬರೆದಿಡಬೇಕು.

30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಮುಂದಿನ 30 ದಿನಗಳೊಳಗೆ ಮೊದಲ ಮೇಲ್ಮನವಿ ಸಲ್ಲಿಸಬಹುದು.