ಫೈಬರ್ ದೋಣಿಯ ಅಂಚಿಗೆ ಬೀಡಿಂಗ್ ಕೂರಿಸುವುದು ಹೇಗೆ?

ಮಲ್ಪೆ, ಗಂಗೊಳ್ಳಿಯಂಥ ಬಂದರುಗಳ ಧಕ್ಕೆಯಲ್ಲಿ ಅಕ್ಕಪಕ್ಕ ಕಟ್ಟಿದ ಸಣ್ಣ ಫೈಬರ್ ದೋಣಿಗಳು ನೀರು ಏರಿಳಿದಾಗಲೆಲ್ಲ ಒಂದಕ್ಕೊಂದು ಉಜ್ಜಿಕೊಳ್ಳುತ್ತವೆ. ಮೊದಲು ಪೆಟ್ಟು ತಿನ್ನುವುದು ದೋಣಿಯ ಮೇಲಂಚು. ಅಂಚಿನ ಹೊಳಪಿನ ಪದರ ಒಡೆದು ಒಳಗಿನ ಗಾಜಿನ ನಾರು ಕಾಣಿಸಿಕೊಂಡರೆ, ಆ ನಾರಿನ ಗುಂಟ ಉಪ್ಪುನೀರು ಒಳಕ್ಕೆ ಹತ್ತಿ ಪದರಗಳನ್ನು ಬಿಡಿಸುತ್ತದೆ. ಸಿಬಿರೆದ್ದ ಅಂಚು ಬಲೆಯನ್ನೂ ಹರಿಯುತ್ತದೆ, ಬಲೆ ಎಳೆಯುವವರ ಅಂಗೈಯನ್ನೂ ಗೀರುತ್ತದೆ. ಇದಕ್ಕೆ ತಡೆಯಾಗಿ ರಬ್ಬರಿನ ಬೀಡಿಂಗ್, ಅಂದರೆ ಅಂಚನ್ನು ಮುಚ್ಚುವ ಪಟ್ಟಿ, ಹಾಕಿಸುವವರು ಬಹಳ ಮಂದಿ ಇದ್ದಾರೆ, ಆದರೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದು ಮೂತಿಯ ಬಳಿ ಎದ್ದು ನಿಂತಿರುವ ದೋಣಿಗಳೂ ಅಷ್ಟೇ ಇವೆ. ತಪ್ಪು ಸಾಮಾನ್ಯವಾಗಿ ರಬ್ಬರಿನದಲ್ಲ, ಅದನ್ನು ಎಳೆದು ಕೂರಿಸಿದ ರೀತಿಯದು.

ಮೊದಲು ಅಂಚಿನ ಆಕಾರವನ್ನು ನೋಡಬೇಕು. ಅಂಚು ಬರಿಯ ಹಾಳೆಯಂತೆ ನೆಟ್ಟಗೆ ನಿಂತಿದ್ದರೆ, ಅದರ ಮೇಲೆ ಕವುಚಿ ಒತ್ತುವ ಸೀಳುಳ್ಳ ಬೀಡಿಂಗ್ ಬೇಕು. ಅಂಚು ಹೊರಕ್ಕೆ ಮಡಿಚಿಕೊಂಡಿದ್ದರೆ, ಹೊರಮೈಗೆ ಸ್ಕ್ರೂ ಹಾಕಿ ಬಿಗಿಯುವ ಅರ್ಧದುಂಡಿನ ಪಟ್ಟಿ ಸರಿಹೊಂದುತ್ತದೆ. ಕೈಯಿಂದ ಪದರ ಹಾಕಿದ ಫೈಬರ್ ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲ. ಒಂದೆಡೆ 5 ಮಿ.ಮೀ. ಇರುವ ಅಂಚು ಇನ್ನೊಂದೆಡೆ 8 ಮಿ.ಮೀ. ಇರಬಹುದು. ಆದ್ದರಿಂದ ಅರ್ಧ ಮೀಟರಿಗೊಮ್ಮೆ ವರ್ನಿಯರ್ ಇಟ್ಟು ಅಳೆದು, ಅತ್ಯಂತ ದಪ್ಪವಾದ ಜಾಗಕ್ಕೆ ಬಿಗಿಯಾಗಿ ಕೂರುವ ಸೀಳನ್ನು ಆರಿಸಿ, ತೆಳುವಾದ ಕಡೆ ಗಾಜಿನ ನಾರಿನ ಪಟ್ಟಿ ಮತ್ತು ರೆಸಿನ್ (ನಾರನ್ನು ಬಂಧಿಸಿ ಗಟ್ಟಿಯಾಗುವ ದ್ರವ) ಹಾಕಿ ದಪ್ಪ ಮಾಡಿಕೊಳ್ಳಬೇಕು. ಉದ್ದವನ್ನು ಹಗ್ಗ ಹಿಡಿದು ಬಾಗಿನ ಗುಂಟವೇ ಅಳೆಯಿರಿ, ಅದಕ್ಕೆ ಅರ್ಧ ಮೀಟರ್ ಸೇರಿಸಿ ಒಂದೇ ತುಂಡನ್ನು ಕೊಳ್ಳಿರಿ.

ವಸ್ತುವಿನ ವಿಷಯದಲ್ಲಿ ನನ್ನ ಸಲಹೆ ಇಪಿಡಿಎಂ ಎಂಬ ಕೃತಕ ರಬ್ಬರ್. ಪಿವಿಸಿ ಅಗ್ಗ, ಬಾಗಿಸಲೂ ಸುಲಭ, ಆದರೆ ಅದನ್ನು ಮೆತ್ತಗಿಡುವ ಎಣ್ಣೆಯಂಶ ಬಿಸಿಲಿನಲ್ಲಿ ಕ್ರಮೇಣ ಹೊರಟುಹೋಗಿ ಪಟ್ಟಿ ಬಿರುಸಾಗಿ ಸೀಳುತ್ತದೆ. ಇಪಿಡಿಎಂ ಬಿಸಿಲನ್ನು ಬಹುಕಾಲ ತಾಳಿಕೊಳ್ಳುತ್ತದೆ. ಅದಕ್ಕೆ ಆಗದಿರುವುದು ಸೀಮೆಎಣ್ಣೆ ಮತ್ತು ಪೆಟ್ರೋಲ್, ಇವು ತಗುಲಿದರೆ ಅದು ಉಬ್ಬಿ ಮೆತ್ತಗಾಗುತ್ತದೆ. ಹಾಗಾಗಿ ಎಂಜಿನ್ ಕೂರುವ ಹಿಂಬದಿ ಹಲಗೆಯ ಅಂಚಿಗೆ ಮಾತ್ರ ಎಣ್ಣೆಯನ್ನು ಅದಕ್ಕಿಂತ ಹೆಚ್ಚು ತಾಳುವ ನಿಯೋಪ್ರೀನ್ ರಬ್ಬರಿನ ಪಟ್ಟಿ ಹಾಕುವುದು ಮೇಲು.

ಕಾರಿನ ಬಾಗಿಲಿಗೆ ಹಾಕುವ ಬೀಡಿಂಗನ್ನು ತಂದು ದೋಣಿಗೆ ಒತ್ತುವ ಅಡ್ಡದಾರಿಯನ್ನು ದಯವಿಟ್ಟು ಹಿಡಿಯಬೇಡಿ. ನೋಡಲು ಎರಡೂ ಒಂದೇ ರೀತಿ ಇರುತ್ತವೆ, ಆದರೆ ಕಾರಿನದರ ಒಳಗೆ ಸಾಮಾನ್ಯವಾಗಿ ಕಬ್ಬಿಣದ ಹಲ್ಲುಗಳಿರುತ್ತವೆ. ಉಪ್ಪುನೀರಿನಲ್ಲಿ ಅವು ತುಕ್ಕು ಹಿಡಿದು ಉಬ್ಬಿ, ರಬ್ಬರನ್ನು ಒಳಗಿನಿಂದಲೇ ಒಡೆದು, ದೋಣಿಯ ಮೈಮೇಲೆ ಕಂದು ಗೆರೆ ಇಳಿಸುತ್ತವೆ. ಅಂಗಡಿಯಲ್ಲೇ ಒಂದು ಅಯಸ್ಕಾಂತ ಹಿಡಿದು ನೋಡಿ, ಗಟ್ಟಿಯಾಗಿ ಎಳೆದುಕೊಂಡರೆ ಆ ಪಟ್ಟಿ ಬೇಡ. ಹಳೆಯ ಟಯರಿನ ತುಂಡುಗಳನ್ನು ಮೊಳೆ ಹೊಡೆದು ಕೂರಿಸುವುದು ಇನ್ನೂ ಕೆಟ್ಟದ್ದು, ಏಕೆಂದರೆ ಪ್ರತಿ ಮೊಳೆಯ ಸುತ್ತ ಫೈಬರ್ ಬಿರುಕು ಬಿಡುತ್ತದೆ.

ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧವಿರುವುದರಿಂದ ದುರಸ್ತಿಗೆ ಅದೇ ಸಮಯವನ್ನು ಹಲವರು ಆರಿಸಿಕೊಳ್ಳುತ್ತಾರೆ. ಸಣ್ಣ ದೋಣಿಯನ್ನೂ ಆಗಲೇ ದಡಕ್ಕೆ ಹಾಕುವುದಾದರೆ ಸೂರಿನ ಕೆಳಗೆ ಇಟ್ಟು, ಅಂಚು ಸಂಪೂರ್ಣ ಒಣಗಿದ ಮೇಲೆಯೇ ಕೆಲಸ ಆರಂಭಿಸಬೇಕು. ಮೊದಲು ಸಿಹಿನೀರಿನಲ್ಲಿ ತೊಳೆಯಿರಿ, ಏಕೆಂದರೆ ಉಳಿದ ಉಪ್ಪು ಗಾಳಿಯ ತೇವವನ್ನು ಎಳೆಯುತ್ತಲೇ ಇರುತ್ತದೆ. ಒಣಗಿದ ನಂತರ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು 80ನೇ ನಂಬರಿನ ಉಜ್ಜುಕಾಗದದಿಂದ ಉಜ್ಜಿ, ಅಸಿಟೋನ್ ಹಾಕಿದ ಬಟ್ಟೆಯಿಂದ ಒರೆಸಿ, ಕೂಡಲೇ ಇನ್ನೊಂದು ಒಣಬಟ್ಟೆಯಿಂದ ಒರೆಸಬೇಕು. ಪೆಟ್ರೋಲಿನಲ್ಲಿ ಒರೆಸಿದರೆ ಜಿಡ್ಡು ಉಳಿಯುತ್ತದೆ.

ನಾರು ಕಾಣುವ ಕಡೆಯೆಲ್ಲ ರೆಸಿನ್ ಬಳಿದು ಮುಚ್ಚದೆ ಬೀಡಿಂಗ್ ಹಾಕಿದರೆ, ಅಂಚು ಹಾಳಾಗುತ್ತಿರುವುದು ಕಣ್ಣಿಗೆ ಕಾಣದಂತೆ ಮರೆಮಾಡಿದಂತಾಗುತ್ತದೆ. ಪಾಲಿಯೆಸ್ಟರ್ ರೆಸಿನ್ನಿಗೆ ಗಟ್ಟಿಕಾರಕವನ್ನು ಶೇಕಡಾ 1ರಿಂದ 2ರಷ್ಟು ಬೆರೆಸಿ ಕುಂಚದಿಂದ ನಾರಿನೊಳಕ್ಕೆ ತುಂಬಿರಿ. ರೆಸಿನ್ನಿಗೆ ಗಟ್ಟಿಯಾಗುವುದನ್ನು ಚುರುಕುಗೊಳಿಸುವ ಕೋಬಾಲ್ಟ್ ದ್ರಾವಣವನ್ನು ಬೇರೆಯಾಗಿ ಸೇರಿಸಬೇಕಿದ್ದಲ್ಲಿ, ಅದನ್ನು ಮೊದಲು ರೆಸಿನ್ನಿಗೆ ಕಲಸಿ ಪೂರ್ತಿ ಬೆರೆತ ಮೇಲೆ ಗಟ್ಟಿಕಾರಕ ಹಾಕಬೇಕು. ಈ ಎರಡೂ ನೇರವಾಗಿ ಒಂದಕ್ಕೊಂದು ಸೇರಿದರೆ ಸಿಡಿಯುವ ಅಪಾಯವಿದೆ. ಗಟ್ಟಿಯಾದ ರೆಸಿನ್ನಿನ ಮೇಲ್ಮೈ ಅಂಟಂಟಾಗಿ ಉಳಿದರೆ ಅಸಿಟೋನಿನಿಂದ ಒರೆಸಿ ತೆಗೆಯಬೇಕು.

ಈಗ ಕೆಲಸ ಕೆಡುವ ಘಟ್ಟಕ್ಕೆ ಬರೋಣ. ಸುರುಳಿಯನ್ನು ಬಿಚ್ಚಿ ನೆಟ್ಟಗೆ ಬಿಸಿಲಿಗೆ ಚಾಚಿ, ಅದರ ಸುತ್ತಿಕೊಳ್ಳುವ ಗುಣ ಬಿಡುವವರೆಗೆ ಇಟ್ಟು, ಮತ್ತೆ ನೆರಳಿನಲ್ಲಿ ತಣಿಸಬೇಕು. ಪಟ್ಟಿಯ ನಟ್ಟನಡುವೆ ಗುರುತು ಹಾಕಿ, ಆ ಗುರುತನ್ನು ಮೂತಿಯ ತುದಿಗೆ ಹಿಡಿದು, ಅಲ್ಲಿಂದ ಎರಡೂ ಬದಿಗೆ ಹಿಂದಕ್ಕೆ ಸಾಗಬೇಕು. ಎಂಜಿನ್ ಬದಿಯಿಂದ ಆರಂಭಿಸಿ ಸುತ್ತು ಬರುವವರು ಮೂತಿಯ ಬಾಗನ್ನು ತಲುಪುವ ಹೊತ್ತಿಗೆ ಪಟ್ಟಿಯನ್ನು ತಿಳಿಯದೆ ಎಳೆದಿರುತ್ತಾರೆ. ಎಳೆದ ರಬ್ಬರ್ ಸಣ್ಣಗಾಗಿ ಸುಲಭವಾಗಿ ಕೂರುತ್ತದೆ, ಆ ಕ್ಷಣಕ್ಕೆ ಅಚ್ಚುಕಟ್ಟಾಗಿಯೂ ಕಾಣುತ್ತದೆ. ಮುಂದೆ ಅದು ಮೊದಲಿನ ಉದ್ದಕ್ಕೆ ಮರಳಲು ಹವಣಿಸುವಾಗ ತುದಿಗಳಲ್ಲಿ ಸಂದು ಬಿಡುತ್ತದೆ, ಬಾಗುಗಳಲ್ಲಿ ಮೇಲೇಳುತ್ತದೆ. ಇದಕ್ಕೆ ಇಬ್ಬರು ಬೇಕು. ಒಬ್ಬರು ಪಟ್ಟಿಯನ್ನು ಸಡಿಲವಾಗಿ ಎತ್ತಿ ಹಿಡಿದುಕೊಂಡು ಬರಬೇಕು, ಇನ್ನೊಬ್ಬರು ಗೇಣಿನಷ್ಟು ಉದ್ದವನ್ನು ರಬ್ಬರ್ ಸುತ್ತಿಗೆಯಿಂದ ತಟ್ಟಿ ಕೂರಿಸಿ, ಪ್ರತಿ ಸಲವೂ ಕೂರಿಸಿದ ಭಾಗದ ಕಡೆಗೆ ಅಂಗೈಯಿಂದ ಹಿಂದಕ್ಕೆ ತಳ್ಳಬೇಕು. ಕಣ್ಣಿಗೆ ಕಾಣದಷ್ಟು ಸಡಿಲ ಪಟ್ಟಿಯಲ್ಲಿ ಉಳಿದಿರಬೇಕು, ಬಿಗಿತ ಮಾತ್ರ ಇರಬಾರದು.

ಮೂತಿಯ ಬಾಗಿನಲ್ಲಿ ಪಟ್ಟಿಯ ಒಳತುಟಿಗೆ (ಸೀಳಿನ ಎರಡು ಬದಿಗಳಲ್ಲಿ ದೋಣಿಯ ಒಳಗಿನದಕ್ಕೆ) ಜಾಗ ಸಾಲದೆ ಅದು ಸುಕ್ಕುಗಟ್ಟುತ್ತದೆ. ಆ ಸುಕ್ಕನ್ನು ಸುತ್ತಿಗೆಯಿಂದ ಬಡಿದು ಮಟ್ಟ ಮಾಡಲು ಹೊರಟರೆ ಹೊರತುಟಿ ಬಿಚ್ಚಿಕೊಳ್ಳುತ್ತದೆ. ಹರಿತವಾದ ಚೂರಿಯಿಂದ ಒಳತುಟಿಯಲ್ಲಿ ಸುಮಾರು 2 ಸೆಂ.ಮೀ. ಅಂತರದಲ್ಲಿ ಸಣ್ಣ ತ್ರಿಕೋನಗಳನ್ನು ಕತ್ತರಿಸಿ ತೆಗೆಯಿರಿ. ತ್ರಿಕೋನದ ತುದಿ ಮೇಲ್ಭಾಗದ ದಪ್ಪವನ್ನು ಮುಟ್ಟುವ 3 ಮಿ.ಮೀ. ಮೊದಲೇ ನಿಲ್ಲಬೇಕು, ಇಲ್ಲವಾದರೆ ಅಲ್ಲಿಂದಲೇ ಪಟ್ಟಿ ಹರಿಯಲು ತೊಡಗುತ್ತದೆ. ಬಾಗಿಸಿದಾಗ ತ್ರಿಕೋನದ ಎರಡು ಬದಿಗಳು ಒಂದಕ್ಕೊಂದು ತಾಗಿ ಮುಚ್ಚಿಕೊಂಡರೆ ಅಳತೆ ಸರಿಯಾಗಿದೆ ಎಂದರ್ಥ. ಪಿವಿಸಿ ಪಟ್ಟಿಯನ್ನೇ ಕೊಂಡಿದ್ದರೆ ಆ ಭಾಗವನ್ನು ಕೆಲವು ನಿಮಿಷ ಬಿಸಿನೀರಿನಲ್ಲಿ ಅದ್ದಿ, ಕೈಗವಸು ಹಾಕಿಕೊಂಡು ಬಾಗಿಸಿ, ತಣಿಯುವವರೆಗೆ ಹಿಡಿದಿರಬೇಕು. ಇಪಿಡಿಎಂ ಬಿಸಿಗೆ ಹೊಸ ಆಕಾರ ಪಡೆಯುವುದಿಲ್ಲ, ಅದಕ್ಕೆ ಚೂರಿಯೇ ದಾರಿ. ಹಿಂಬದಿಯ ಚೂಪು ಮೂಲೆಗಳಲ್ಲಿ ಬಾಗಿಸುವ ಹಟ ಬೇಡ. ಎರಡು ತುಂಡುಗಳನ್ನು 45 ಡಿಗ್ರಿಗೆ ಕತ್ತರಿಸಿ ಬಾಗಿಲ ಚೌಕಟ್ಟಿನ ಮೂಲೆಯಂತೆ ಕೂಡಿಸಿರಿ.

ಇಷ್ಟನ್ನೂ ಅಂಟಿಲ್ಲದೆ ಒಮ್ಮೆ ಕೂರಿಸಿ ನೋಡಿದ ನಂತರವೇ ಅಂಟಿನ ಮಾತು. ಸಂದು ಮುಚ್ಚಿ ಅಂಟಿಸುವ ಪಾಲಿಯುರೆಥೇನ್ ಸೀಲೆಂಟನ್ನು ಸೀಳಿನ ಒಳಮೂಲೆಗಳಲ್ಲಿ ತೆಳುಗೆರೆಯಾಗಿ ಎಳೆದರೆ ಸಾಕು. ಬಚ್ಚಲುಮನೆಯ ಸಿಲಿಕೋನ್ ಬೇಡವೇ ಬೇಡ, ಅದನ್ನು ಕಿತ್ತ ಮೇಲೂ ಉಳಿಯುವ ಜಿಡ್ಡಿನ ಮೇಲೆ ಮುಂದೆ ರೆಸಿನ್ನಾಗಲಿ ಬಣ್ಣವಾಗಲಿ ಸರಿಯಾಗಿ ಹಿಡಿಯುವುದಿಲ್ಲ. ತುಟಿಯ ಕೆಳಗೆ ಒಳಬದಿಯಲ್ಲಿ ಅಲ್ಲಲ್ಲಿ ಅಂಟಿಲ್ಲದ ಜಾಗ ಬಿಡಬೇಕು, ಹೇಗೋ ಒಳಸೇರಿದ ನೀರು ಅಲ್ಲಿಂದ ಇಳಿದುಹೋಗುತ್ತದೆ.

ಸ್ಕ್ರೂ ಹಾಕುವ ಪಟ್ಟಿಯಾದರೆ 316 ದರ್ಜೆಯ ಸ್ಟೇನ್‌ಲೆಸ್ ಸ್ಕ್ರೂಗಳನ್ನು 15 ಸೆಂ.ಮೀ.ಗೊಂದರಂತೆ, ಬಾಗಿನಲ್ಲಿ 10 ಸೆಂ.ಮೀ.ಗೊಂದರಂತೆ ಹಾಕಬೇಕು. ಜಿಪ್ಸಂ ಹಲಗೆಗೆ ಬಳಸುವ ಕಪ್ಪು ಸ್ಕ್ರೂ ಕಡಲ ನೀರಿಗೆ ತಡೆಯದು. ತೂತು ಕೊರೆಯುವ ಜಾಗಕ್ಕೆ ಟೇಪ್ ಅಂಟಿಸಿ, ಡ್ರಿಲ್ಲನ್ನು ಮೊದಲು ಹಿಮ್ಮುಖವಾಗಿ ತಿರುಗಿಸಿ ಮೇಲ್ಪದರವನ್ನು ಸವೆಸಿದರೆ ಅದು ಚಕ್ಕೆ ಏಳುವುದಿಲ್ಲ. ಪ್ರತಿ ತೂತಿಗೂ ಸೀಲೆಂಟ್ ತುಂಬಿ, ರಬ್ಬರ್ ಗುಳಿ ಬೀಳುವ ಮೊದಲೇ ಬಿಗಿಯುವುದನ್ನು ನಿಲ್ಲಿಸಿರಿ.

ತುದಿಗಳನ್ನು ಅಂದೇ ಕತ್ತರಿಸಬೇಡಿ. ಒಂದು ರಾತ್ರಿ ಉದ್ದವಾಗಿಯೇ ಬಿಟ್ಟು, ಪಟ್ಟಿ ತನ್ನ ಜಾಗಕ್ಕೆ ಹೊಂದಿಕೊಂಡ ಮೇಲೆ ಬೆಳಗಿನ ತಂಪಿನಲ್ಲಿ ಕತ್ತರಿಸಿ ಮುಚ್ಚಳ ಹಾಕಿರಿ. ಪಾಲಿಯುರೆಥೇನ್ ದಿನಕ್ಕೆ ಸುಮಾರು 3 ಮಿ.ಮೀ. ಆಳಕ್ಕೆ ಮಾತ್ರ ಗಟ್ಟಿಯಾಗುತ್ತದೆ, ಸೀಳಿನೊಳಗೆ ಗಾಳಿ ಆಡದಿರುವುದರಿಂದ ಇನ್ನೂ ನಿಧಾನ. ಆದ್ದರಿಂದ ಕೊನೆಯ ಗೆರೆ ಎಳೆದ ಮೇಲೆ ಕನಿಷ್ಠ ಐದು ದಿನ ದೋಣಿಯನ್ನು ನೀರಿಗೆ ಇಳಿಸಬಾರದು, ಅಂಚಿಗೆ ಹಗ್ಗವನ್ನೂ ಕಟ್ಟಬಾರದು.