ಕಸೂತಿ ರಿಂಗು, ಎರಡು ರೇಡಿಯೋ, ಭೀಮೆಯ ಉಸುಕು

ನನ್ನ ಎಂಟು ಇಂಚಿನ ಕಸೂತಿ ರಿಂಗನ್ನು ಅಪ್ಪ ಹೇಳದೆ ಕೇಳದೆ ತೆಗೆದುಕೊಂಡದ್ದು 1984ರ ಬೇಸಿಗೆಯಲ್ಲಿ. ಅರ್ಧ ಹಾಕಿದ್ದ ತೇರಿನ ಕಸೂತಿಯನ್ನು ಮಡಚಿ ಮಂಚದ ಮೇಲಿಟ್ಟು, ಒಳಗಿನ ರಿಂಗಿಗೆ ತಾಮ್ರದ ತಂತಿ ಸುತ್ತುತ್ತ ಕೂತಿದ್ದ. ಶಹಾಬಾದಿನಲ್ಲಿ ನಮ್ಮದು ರೇಡಿಯೋ ರಿಪೇರಿ ಅಂಗಡಿ. ನಾನು ಬಾಗಿಲಲ್ಲಿ ನಿಂತು ಅಳುತ್ತಿದ್ದರೆ, "ಅಳಬ್ಯಾಡ ಯವ್ವಾ, ಇದು ಉಸುಕಿನೊಳಗಿನ ರೊಕ್ಕದ ಸಪ್ಪಳ ಕೇಳ್ತದ. ನೀನ ಮೊದಲ ಕೇಳಾಕಿ" ಅಂದ.

ಹಾಗೇ ಆಯಿತು. ಲೋಹ ಹುಡುಕುವ ಆ ಯಂತ್ರ ಇವತ್ತಿಗೂ ನಮ್ಮ ಮನೆಯ ಅಟ್ಟದ ಮೇಲಿದೆ, ಕೆಲಸವನ್ನೂ ಮಾಡುತ್ತದೆ. ಈಗ ಪರದೆಯ ಮೇಲೆ ಅಂಕಿ ತೋರಿಸುವ ಮೆಟಲ್ ಡಿಟೆಕ್ಟರ್‌ಗಳು ಬಂದಿವೆ. ನನ್ನ ತಮ್ಮನ ಮಗ ಒಂದು ತಂದಿದ್ದಾನೆ, ನಾನೂ ಹಿಡಿದು ನೋಡಿದ್ದೇನೆ. ಅದು ಆಳಕ್ಕೆ ಹೋಗುತ್ತದೆ, ನಿಜ. ಆದರೆ ಹೊಸಬರು ಯಾರಾದರೂ ಕೇಳಿದರೆ ನಾನು ಹೇಳುವುದು ಒಂದೇ: ಮೊದಲು ಹಳೆಯದನ್ನು ಕೈಯಾರೆ ಕಟ್ಟಿರಿ, ಒಂದು ಬೇಸಿಗೆ ಅದರ ಸಿಳ್ಳು ಕೇಳಿರಿ. ಪರದೆ ನೋಡಿ ಕಲಿತವರಿಗೆ ಉಸುಕು ಏನು ಹೇಳುತ್ತಿದೆ ಎಂಬುದು ಬಹಳ ತಡವಾಗಿ ಗೊತ್ತಾಗುತ್ತದೆ.

ಬೇಕಾದ ಸಾಮಾನು ಹೆಚ್ಚೇನಿಲ್ಲ. ಮರದ ಅಥವಾ ಪ್ಲಾಸ್ಟಿಕ್ಕಿನ ಎಂಟು ಇಂಚಿನ ಕಸೂತಿ ರಿಂಗು. ಹೊರಗಿನ ರಿಂಗಿಗೆ ಲೋಹದ ತಿರುಪು ಇರುತ್ತದೆ, ಅದು ಬೇಡ, ಒಳಗಿನದ್ದೇ ಆಗಬೇಕು. ಅದರ ಅಂಚಿಗೆ 26 ಅಥವಾ 28 ಗೇಜಿನ ಎನಾಮಲ್ ತಾಮ್ರದ ತಂತಿಯನ್ನು 30 ಸುತ್ತು ಬಿಗಿಯಾಗಿ ಸುತ್ತಿ, ನೂಲಿನಿಂದ ಕಟ್ಟಿ, ಮೇಲೆ ವಾರ್ನಿಶ್ ಬಳಿಯಿರಿ. ಒಂದು ಸುತ್ತು ಸಡಿಲ ಉಳಿದರೂ ನಡೆಯುವಾಗ ಸಿಳ್ಳು ಕುಣಿಯುತ್ತದೆ. ಒಣಗಿದ ಮೇಲೆ ಟೇಪು ಸುತ್ತಿ, ಅದರ ಮೇಲೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯ ಪಟ್ಟಿಯನ್ನು ಸುತ್ತಿರಿ. ಇಲ್ಲಿ ಗಮನವಿರಲಿ: ಹಾಳೆ ಪೂರ್ತಿ ಬಳೆಯಾಗಬಾರದು, ಒಂದು ಕಡೆ ಒಂದು ಸೆಂಟಿಮೀಟರ್ ಬಿಡಬೇಕು. ಎರಡೂ ತುದಿ ಕೂಡಿದರೆ ಕಾಯಿಲ್, ಅಂದರೆ ಸುತ್ತಿದ ತಂತಿ, ಸತ್ತ ಹಾಗೆ. ಹಾಳೆಗೆ ಒಂದು ತಂತಿ ಸಿಕ್ಕಿಸಿ ಬ್ಯಾಟರಿಯ ಮೈನಸ್‌ಗೆ ಕೊಡಿ. ಇದು ಇಲ್ಲದಿದ್ದರೆ ಹಸಿ ಹುಲ್ಲು ತಾಗಿದರೂ ಯಂತ್ರ ಕೂಗುತ್ತದೆ.

ಇನ್ನು ಕಾಯಿಲ್‌ಗೆ ಜೀವ ಕೊಡುವ ಸರ್ಕಿಟ್. BC548 ಟ್ರಾನ್ಸಿಸ್ಟರ್ ಒಂದು, 9 ವೋಲ್ಟ್ ಬ್ಯಾಟರಿ ಒಂದು. ಟ್ರಾನ್ಸಿಸ್ಟರಿಗೆ ಮೂರು ಕಾಲು: ಕಲೆಕ್ಟರ್, ಬೇಸ್, ಎಮಿಟರ್. ಕಲೆಕ್ಟರ್ ನೇರ ಪ್ಲಸ್‌ಗೆ. ಬೇಸ್‌ನಿಂದ ಪ್ಲಸ್‌ಗೆ ಒಂದು, ಮೈನಸ್‌ಗೆ ಒಂದು, 47 ಕಿಲೊ ಓಮ್‌ನ ಎರಡು ರೆಸಿಸ್ಟರ್. ಎಮಿಟರ್‌ನಿಂದ ಮೈನಸ್‌ಗೆ 1 ಕಿಲೊ ಓಮ್. ಕಾಯಿಲ್‌ನ ಒಂದು ತುದಿ ಮೈನಸ್‌ಗೆ, ಇನ್ನೊಂದು ತುದಿ 0.1 ಮೈಕ್ರೊಫ್ಯಾರಡ್ ಕೆಪ್ಯಾಸಿಟರ್ ಮೂಲಕ ಬೇಸ್‌ಗೆ. ಕಾಯಿಲ್‌ನ ಅದೇ ತುದಿಯಿಂದ ಎಮಿಟರ್‌ಗೆ 0.01 ಮೈಕ್ರೊಫ್ಯಾರಡ್, ಎಮಿಟರ್‌ನಿಂದ ಮೈನಸ್‌ಗೆ ಇನ್ನೊಂದು 0.01. ಈ ಎರಡು ಪಾಲಿಯೆಸ್ಟರ್ ಜಾತಿಯವೇ ಇರಲಿ, ಅಗ್ಗದ ಸೆರಾಮಿಕ್ ಬಿಸಿಲಿಗೆ ಜಾರುತ್ತದೆ. ಇಷ್ಟಾದರೆ ಕಾಯಿಲ್ ಸೆಕೆಂಡಿಗೆ ಸುಮಾರು ಒಂದು ಲಕ್ಷ ಹತ್ತು ಸಾವಿರ ಸಲ ತೂಗಲು ಶುರುಮಾಡುತ್ತದೆ. ಲೋಹ ಹತ್ತಿರ ಬಂದರೆ ಆ ತೂಗಾಟ ಒಂದಿಷ್ಟೇ ಇಷ್ಟು ಬದಲಾಗುತ್ತದೆ. ಆ ಸಣ್ಣ ಬದಲಾವಣೆಯನ್ನು ಕಿವಿಗೆ ಕೇಳಿಸುವುದೇ ಇಡೀ ವಿದ್ಯೆ.

ಅಪ್ಪ ಅದಕ್ಕೆ ಆಕಾಶವಾಣಿಯನ್ನು ಬಳಸಿಕೊಂಡಿದ್ದ! ಬಿದಿರು ಕೋಲಿನ ಮೇಲ್ತುದಿಗೆ ಒಂದು ಟ್ರಾನ್ಸಿಸ್ಟರ್ ರೇಡಿಯೋ ಕಟ್ಟಿ ಗುಲ್ಬರ್ಗಾ ಸ್ಟೇಷನ್ ಹಿಡಿಯುವುದು. ಕಾಯಿಲ್ ತನ್ನ ಮೂಲ ಅಲೆಯ ಜೊತೆಗೆ ಅದರ ಎರಡು, ಮೂರು, ಹತ್ತು ಪಟ್ಟಿನ ಅಲೆಗಳನ್ನೂ ಸಣ್ಣಗೆ ಬಿಡುತ್ತಿರುತ್ತದೆ. ಕಾಯಿಲ್‌ನ ಹತ್ತನೇ ಪಟ್ಟಿನ ಅಲೆ ಸ್ಟೇಷನ್ನಿನ ಅಲೆಯ ಪಕ್ಕಕ್ಕೆ ಬಂದರೆ ಎರಡೂ ಸೇರಿ ಸಿಳ್ಳು ಹೊಡೆಯುತ್ತವೆ. ಹತ್ತು ಪಟ್ಟು ಆದ್ದರಿಂದ, ಕಾಯಿಲ್‌ನಲ್ಲಿ ಇಪ್ಪತ್ತು ಕಂಪನದಷ್ಟು ವ್ಯತ್ಯಾಸವಾದರೆ ಕಿವಿಗೆ ಇನ್ನೂರರಷ್ಟು ಕೇಳುತ್ತದೆ. ರೈತರ ಕಾರ್ಯಕ್ರಮದ ಮಾತಿನ ಹಿಂದೆ ಆ ಸಿಳ್ಳು ನಡೆದೇ ಇರುತ್ತಿತ್ತು. ಬೆಳಗಿನ ಪ್ರಸಾರ ಮುಗಿದು ಸ್ಟೇಷನ್ ಬಂದ್ ಆದ ಕೂಡಲೇ ನಮ್ಮ ಯಂತ್ರವೂ ಬಂದ್. ಆಗ ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಹಿಂಡಿ ತಿನ್ನುತ್ತ ಮಧ್ಯಾಹ್ನದ ಪ್ರಸಾರಕ್ಕೆ ಕಾಯುತ್ತಿದ್ದೆವು. ನನ್ನ ಬಾಲ್ಯದ ಹೊಳೆದಂಡೆಯ ಊಟದ ಹೊತ್ತನ್ನು ಗೊತ್ತುಮಾಡಿದ್ದು ಆಕಾಶವಾಣಿ.

ಈಗ ನೀವು ಸ್ಟೇಷನ್ನನ್ನು ನಂಬಿ ಕೂರಬೇಕಿಲ್ಲ. ಮೀಡಿಯಂ ವೇವ್ ಇರುವ ಎರಡು ಹಳೇ ರೇಡಿಯೋ ಸಾಕು. ಪ್ರತಿ ರೇಡಿಯೋ ಒಳಗೂ ಅಲೆ ಹುಟ್ಟಿಸುವ ಒಂದು ಸಣ್ಣ ಆಸಿಲೇಟರ್ ಇರುತ್ತದೆ, ಅದು ಮುಳ್ಳು ತೋರಿಸುವುದಕ್ಕಿಂತ 455 ಕಿಲೊಹರ್ಟ್ಜ್ ಮೇಲೆ ನುಡಿಯುತ್ತದೆ. ಮೊದಲ ರೇಡಿಯೋದ ಮುಳ್ಳನ್ನು 1100ರ ಆಸುಪಾಸು ನಿಧಾನ ತಿರುಗಿಸಿರಿ. ಒಂದು ಕಡೆ ಗರಗರ ಸದ್ದು ತಟ್ಟನೆ ಅಡಗುತ್ತದೆ, ಅದು ನಿಮ್ಮ ಕಾಯಿಲ್. ಎರಡನೇ ರೇಡಿಯೋವನ್ನು ಅದರ ಮಗ್ಗುಲಿಗೇ ಕಟ್ಟಿ 645ರ ಸುತ್ತಮುತ್ತ ಕೂದಲೆಳೆಯಷ್ಟು ತಿರುಗಿಸುತ್ತ ಬನ್ನಿ, ಧ್ವನಿ ಸಣ್ಣದು ಮಾಡಿಡಿ. ಒಂದು ಗಳಿಗೆಗೆ ಮೊದಲ ರೇಡಿಯೋ ಸಿಳ್ಳು ಹಾಕುತ್ತದೆ. ಸಿಳ್ಳನ್ನು ಇಳಿಸುತ್ತ ಇಳಿಸುತ್ತ ಗುಂಗಾಡಿನ ಗುಂಯ್‌ಗಿಂತ ತಗ್ಗಿಸಿ ನಿಲ್ಲಿಸಿರಿ. ದಪ್ಪ ಸ್ವರದಲ್ಲಿ ಸಣ್ಣ ಬದಲಾವಣೆಯೂ ಎದ್ದು ಕಾಣುತ್ತದೆ. ತಾಮ್ರದ ಬಿಲ್ಲಿ, ಅಂದರೆ ನಾಣ್ಯ, ಕಾಯಿಲ್ ಹತ್ತಿರ ಹಿಡಿದಾಗ ಸ್ವರ ಏರಬೇಕು. ಇಳಿದರೆ ನೀವು ಆಚೆ ಮಗ್ಗುಲಿಗಿದ್ದೀರಿ, ಎರಡನೇ ರೇಡಿಯೋದ ಮುಳ್ಳನ್ನು ಇನ್ನೊಂದು ಚೂರು ದಾಟಿಸಿರಿ.

ಕೋಲಿನ ಕೆಳತುದಿಗೆ ರಿಂಗು, ಮೇಲ್ತುದಿಗೆ ರೇಡಿಯೋ. ಮೊಳೆ ಬೇಡ, ಹುರಿಯಿಂದಲೇ ಕಟ್ಟಿರಿ. ಹೊರಟ ಮೇಲೆ ಹತ್ತು ನಿಮಿಷ ಸುಮ್ಮನೆ ಚಾಲೂ ಇಟ್ಟು ಕಾಯಿರಿ, ಸ್ವರ ಒಂದು ಕಡೆ ನಿಲ್ಲಲಿ.

ಹೊಳೆಗೆ ಹೋಗುವ ಮುಂಚೆ ಮನೆಯಲ್ಲೇ ಕಿವಿಗೆ ತಾಲೀಮು ಕೊಡಬೇಕು. ನಮಗೆ ಶಹಾಬಾದಿನವರಿಗೆ ಇದಕ್ಕೆ ಹೇಳಿಮಾಡಿಸಿದ್ದು ಫರ್ಸಿ. ಈ ಸುಣ್ಣದ ಕಲ್ಲು ಯಂತ್ರಕ್ಕೆ ಗಾಳಿ ಇದ್ದ ಹಾಗೆ, ಏನೂ ಮಾತಾಡುವುದಿಲ್ಲ. ಅಪ್ಪ ಅಂಗಳದಲ್ಲಿ ಒಂದು ಫರ್ಸಿಯ ಕೆಳಗೆ ನನಗೆ ಕಾಣದ ಹಾಗೆ ಚಾರಾಣೆ ಇಟ್ಟು, "ಎಲ್ಲೈತಿ ಹೇಳು" ಅನ್ನುತ್ತಿದ್ದ. ಒಂದು ಫರ್ಸಿ ಗೊತ್ತಾದರೆ ಮೇಲೆ ಇನ್ನೊಂದು. ಇಂಚು ದಪ್ಪದ ಮೂರು ಫರ್ಸಿಯ ಕೆಳಗಿನದ್ದನ್ನು ಕಿವಿ ಹಿಡಿದರೆ ನೀವು ತಯಾರು, ಈ ಯಂತ್ರದ ಆಳವೂ ಅಷ್ಟೇ. ಮೊಳೆ, ತಗಡು, ಸೋಡಾ ಬಾಟಲಿಯ ಮುಚ್ಚಳ, ಕಾಲುಂಗುರ, ಒಂದೊಂದನ್ನೂ ಕಣ್ಣು ಮುಚ್ಚಿ ಕೇಳಿರಿ. ಮೊಳೆಗೆ ಸ್ವರ ತಡವರಿಸುತ್ತದೆ, ಬಿಲ್ಲಿಗೆ ಗುಂಡಾಗಿ ಏರಿ ಗುಂಡಾಗಿ ಇಳಿಯುತ್ತದೆ. ಬಾಟಲಿಯ ಮುಚ್ಚಳ ಮಾತ್ರ ಇವತ್ತಿಗೂ ನನ್ನನ್ನು ಮೋಸಮಾಡುತ್ತದೆ.

ನಮ್ಮ ಜಾಗ ದೇವಲ ಗಾಣಗಾಪುರದ ಸಂಗಮದಿಂದ ಕೆಳಗಿನ ಉಸುಕು. ರೈಲಿನಲ್ಲಿ ಗಾಣಗಾಪುರ ರೋಡ್ ಸ್ಟೇಷನ್‌ಗೆ ಇಳಿದು ಬಸ್ಸು ಹಿಡಿಯುತ್ತಿದ್ದೆವು. ಅಮರಜಾ ಬಂದು ಭೀಮೆಗೆ ಕೂಡುವಲ್ಲಿ ಜನ ಸ್ನಾನ ಮಾಡುತ್ತಾರೆ, ನಾಣ್ಯ ಬಿಡುತ್ತಾರೆ. ಮೊದಲ ದಿನವೇ ನಾವು ಘಾಟಿನ ಹತ್ತಿರ ಕೋಲು ಇಳಿಸಿದಾಗ ದೋಣಿಯವನೊಬ್ಬ ಕೂಗಿದ: "ಯಜಮಾನ್ರ, ಅದು ಗಂಗವ್ವಗ ಬಿಟ್ಟ ಹರಕಿ ರೊಕ್ಕ ರೀ. ಕೈ ಹಚ್ಚಬ್ಯಾಡ್ರಿ." ಅಪ್ಪ ಅವನಿಗೆ ಕೈಮುಗಿದು ಕೋಲು ಎತ್ತಿದ. ಅವತ್ತಿನಿಂದ ನಮ್ಮ ರೂಢಿ: ಘಾಟು ಬಿಟ್ಟು ಬಹಳ ಕೆಳಗೆ, ಹೊಳೆ ತಿರುವುವ ಒಳಮಗ್ಗುಲಲ್ಲಿ ಹುಡುಕುವುದು. ತಿರುವಿನಲ್ಲಿ ನೀರಿನ ಓಟ ತಗ್ಗುತ್ತದೆ, ತೂಕದ ಸಾಮಾನು ಅಲ್ಲಿ ಕೂರುತ್ತದೆ. ಅಲ್ಯೂಮಿನಿಯಂನ ಪೈಸೆಗಳು ಹಗುರ, ಮಹಾಪೂರದಲ್ಲಿ ಎಲ್ಲಿಗೋ ಹೋಗಿಬಿಡುತ್ತವೆ. ತಾಮ್ರ, ಹಿತ್ತಾಳೆ, ಬೆಳ್ಳಿ ಉಳಿಯುತ್ತವೆ.

ಉಸುಕಿನ ಮೇಲೆ ಕಪ್ಪು ಗೆರೆಗಳು ಕಂಡರೆ ಹುಷಾರು. ಭೀಮೆ ಸಹ್ಯಾದ್ರಿಯಿಂದ ಕರಿಕಲ್ಲಿನ ನಾಡನ್ನೆಲ್ಲ ತೊಳೆದುಕೊಂಡು ಬರುವಾಗ ಕಬ್ಬಿಣದ ಅಂಶದ ಕಪ್ಪು ಉಸುಕು ತರುತ್ತದೆ. ಸ್ಪೀಕರಿನ ಅಯಸ್ಕಾಂತ ಹಿಡಿದರೆ ಗಡ್ಡದ ಹಾಗೆ ಅಂಟಿಕೊಳ್ಳುತ್ತದೆ. ಅದರ ಮೇಲೆ ಕಾಯಿಲ್ ಹೋದರೆ ಸ್ವರ ಕುಸಿಯುತ್ತದೆ. ಆಗ ಕಾಯಿಲನ್ನು ನಾಲ್ಕು ಬೆರಳು ಎತ್ತಿ, ಒಂದೇ ಎತ್ತರದಲ್ಲಿ ರಂಗೋಲಿ ಎಳೆದ ಹಾಗೆ ಸಾಗಿಸಿರಿ.

ನನಗೆ ಮೊದಲು ಸಿಕ್ಕಿದ್ದು ಅಂಥ ಕಪ್ಪು ಗೆರೆಯ ಪಕ್ಕದಲ್ಲೇ. ಸ್ವರ ಏರಿತು, ಅಪ್ಪ ನನ್ನ ಮುಖ ನೋಡಿದ, ಮಾತಾಡಲಿಲ್ಲ. ಬೊಗಸೆ ಉಸುಕು ಎತ್ತಿ ಯಂತ್ರದ ಮುಂದೆ ಹಿಡಿದೆ, ಬೊಗಸೆಯಲ್ಲೇ ಸಿಳ್ಳು. ಅರ್ಧ ಚೆಲ್ಲಿದೆ, ಇನ್ನೂ ಇದೆ. ಮತ್ತೆ ಅರ್ಧ. ಕಡೆಗೆ ಅಂಗೈಯಲ್ಲಿ ಒದ್ದೆ ಉಸುಕಿನ ನಡುವೆ ಹಳದಿ ಅಂಚೊಂದು ಕಂಡಿತು: ಕಮಲದ ಹೂವಿನ 20 ಪೈಸೆ, 1970ರದ್ದು. ಕಮಲದ ಎಸಳಿನ ಸಂದಿಯಲ್ಲಿ ಕಪ್ಪು ಕಣ ಸಿಕ್ಕಿಕೊಂಡಿತ್ತು, ನಾನದನ್ನು ತೊಳೆಯಲೇ ಇಲ್ಲ. ಬೊಗಸೆಯನ್ನು ಅರ್ಧರ್ಧ ಮಾಡುವ ಈ ರೀತಿಯನ್ನು ನೀವೂ ಇಟ್ಟುಕೊಳ್ಳಿ. ಸಲಿಕೆ ಹಾಕಿದರೆ ಬಿಲ್ಲಿಗೆ ಗೀರು ಬೀಳುತ್ತದೆ.

ಕಡಲಿನ ಮಾತು ಬೇರೆ. 1986ರಲ್ಲಿ ಮುಂಬೈಯಲ್ಲಿ ಕಟ್ಟಡ ಕೆಲಸದಲ್ಲಿದ್ದ ಸೋದರಮಾವನ ಮನೆಗೆ ಹೋದಾಗ ಅಪ್ಪ ಯಂತ್ರವನ್ನು ಚಾದರದಲ್ಲಿ ಸುತ್ತಿ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ತಂದಿದ್ದ. ಜುಹೂ ಚೌಪಾಟಿಯ ಒಣ ಉಸುಕಿನಲ್ಲಿ ಬೆಳಗಿನ ಜಾವ ಎಲ್ಲ ಸರಿಯಾಗೇ ಇತ್ತು, ಎರಡು ಎಂಟಾಣೆಯೂ ಸಿಕ್ಕವು. ಅಲೆ ಬಂದು ಹೋದ ಹಸಿ ಉಸುಕಿಗೆ ಕಾಲಿಟ್ಟದ್ದೇ ತಡ, ಸಿಳ್ಳು ಕಿವಿ ಹರಿಯುವಷ್ಟು ಏರಿತು. ಅಪ್ಪ ಮೊಳಕಾಲುದ್ದ ಅಗೆದ, ಬರೀ ನೀರು. ಎರಡು ಹೆಜ್ಜೆ ಆಚೆ, ಅಲ್ಲೂ ಅದೇ. ಕಡೆಗೆ ಬೆರಳು ಅದ್ದಿ ನಾಲಿಗೆಗೆ ಇಟ್ಟು, "ಉಪ್ಪ ಕೂಗಾಕತ್ತೈತಿ ಯವ್ವಾ" ಅಂದ. ಉಪ್ಪುನೀರಿನಲ್ಲಿ ವಿದ್ಯುತ್ ಹರಿಯುತ್ತದೆ, ಆದ್ದರಿಂದ ಇಡೀ ದಂಡೆಯೇ ಯಂತ್ರಕ್ಕೆ ಲೋಹದ ತಗಡಿನಂತೆ ಕಾಣುತ್ತದೆ. ಕಡಲತೀರದವರು ಪಲ್ಸ್ ಇಂಡಕ್ಷನ್ ಎಂಬ ಬೇರೆ ಜಾತಿಯ ಯಂತ್ರಕ್ಕೆ ಹೋದದ್ದು ಇದಕ್ಕೇ: ಅದು ಒಂದು ಹೊಡೆತ ಕೊಟ್ಟು, ಉಪ್ಪಿನ ಸದ್ದು ಅಡಗುವಷ್ಟು ತಡೆದು, ಲೋಹದ ಮರುದನಿ ಮಾತ್ರ ಕೇಳುತ್ತದೆ. ನಮ್ಮ ಭೀಮೆಯದು ಸಿಹಿನೀರು. ಹಸಿ ಉಸುಕಿನಲ್ಲೂ ಹಳೇ ಯಂತ್ರ ನಡೆಯುತ್ತದೆ.

ಹೊಸ ಯಂತ್ರ ಕೊಂಡವರಿಗೆ ಒಂದು ಕಿವಿಮಾತು. ಅದರಲ್ಲಿ ಕಬ್ಬಿಣವನ್ನು ಬಿಟ್ಟುಬಿಡುವ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ 1988ರ ನಂತರ ಬಂದ ಸ್ಟೇನ್‌ಲೆಸ್ ಸ್ಟೀಲಿನ ಹತ್ತು, ಇಪ್ಪತ್ತೈದು, ಐವತ್ತು ಪೈಸೆಗಳು ತಪ್ಪಿಹೋಗಬಹುದು, ಅವು ಅಯಸ್ಕಾಂತಕ್ಕೆ ಹತ್ತುವ ಉಕ್ಕು. ಅವಕ್ಕೆ ಹಗ್ಗಕ್ಕೆ ಕಟ್ಟಿದ ಸ್ಪೀಕರ್ ಅಯಸ್ಕಾಂತವೇ ಸಾಕು. ಅರವತ್ತರ ದಶಕದ ಅಪ್ಪಟ ನಿಕ್ಕಲ್ ರೂಪಾಯಿಯೂ ಹತ್ತುತ್ತದೆ.

ಎಲ್ಲಿ ಹೋಗಬಾರದು ಎಂಬುದನ್ನು ಗಟ್ಟಿಯಾಗಿ ಹೇಳುತ್ತೇನೆ. ಸನ್ನತಿ, ಕನಗನಹಳ್ಳಿಯ ದಂಡೆಗೆ ಯಂತ್ರ ಒಯ್ಯಬೇಡಿ. ಅಶೋಕನ ಶಾಸನ, ಅವನ ಹೆಸರು ಕೆತ್ತಿದ ಶಿಲ್ಪ ಸಿಕ್ಕ ನೆಲ ಅದು. ಅಲ್ಲಿನ ಒಂದು ಬಿಲ್ಲಿಯನ್ನು ಕಿತ್ತರೂ ಅದು ಯಾವ ಪದರದಲ್ಲಿ ಇತ್ತು ಎಂಬ ಸಾಕ್ಷಿ ಅಳಿದುಹೋಗುತ್ತದೆ. ಕೋಟೆ, ಗುಂಬಜ್, ಹಾಳು ಗುಡಿ ಇವುಗಳಿಗೂ ಅದೇ ಮಾತು. ಬೇರೆಲ್ಲೇ ಆದರೂ ಹೂತಿಟ್ಟ ಹಾಗೆ ಕಾಣುವ ಹಳೇ ಸಾಮಾನು ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. 1878ರ ನಿಧಿ ಕಾಯ್ದೆಯ ಕಾಲದಿಂದಲೂ ಇದು ನಿಯಮ. ಉಂಗುರ, ಕಾಲುಂಗುರ ಸಿಕ್ಕರೆ ನಾನು ಗುಡಿಯ ಕಚೇರಿಯಲ್ಲಿ ಕೊಟ್ಟು ಬರುತ್ತೇನೆ.

ಹೊರಡುವ ಹಿಂದಿನ ದಿನ ಸೊನ್ನ ಬ್ಯಾರೇಜಿನಿಂದ ನೀರು ಬಿಡುತ್ತಾರೋ ಎಂದು ವಿಚಾರಿಸಿರಿ. ಅಪ್ಪನ ಕಾಲದಲ್ಲಿ ಬೇಸಿಗೆಯ ಹೊಳೆ ಎಂದರೆ ಕಣ್ಣು ಹಾಯುವಷ್ಟು ಉಸುಕು. ಲಾರಿಗಳು ಹೊತ್ತ ಮೇಲೆ ನಮ್ಮ ತಿರುವಿನಲ್ಲಿ ಈಗ ಕೆಸರು, ಕಲ್ಲು, ಜಾಲಿ. ನಡುವೆ ನಾಲ್ಕು ಚಾಪೆ ಹಾಸುವಷ್ಟು ಉಸುಕು ಉಳಿದಿದೆ. ನಾನು ಹೋಗುವುದು ಅಲ್ಲಿಗೇ, ಬೆಳಗಿನ ಏಳರಿಂದ ಹತ್ತರವರೆಗೆ. ಹತ್ತಾದ ಮೇಲೆ ಬಿಸಿಲಿಗೆ ಸ್ವರ ಜಾರುತ್ತದೆ, ಬುತ್ತಿ ಬಿಚ್ಚುತ್ತೇನೆ. ಮನೆಗೆ ಬಂದ ಕೂಡಲೇ ಬ್ಯಾಟರಿ ತೆಗೆದು, ರಿಂಗನ್ನು ಒಣ ಬಟ್ಟೆಯಿಂದ ಒರೆಸಿ ನೇತುಹಾಕಬೇಕು. ಮಲಗಿಸಿಟ್ಟರೆ ಮರ ಸೊಟ್ಟಾಗುತ್ತದೆ.