ಮಳೆಗಾಲದಲ್ಲಿ ನಾಯಿಯ ಬೆರಳ ಸಂದಿನ ಹುಣ್ಣು: ಆರೈಕೆಯ ಕ್ರಮ

ಮಲೆನಾಡಿನಲ್ಲಿ ಜೂನ್ ತಿಂಗಳಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ಬರುವವರೆಗೂ ಬಿಡುವುದಿಲ್ಲವಾದ್ದರಿಂದ, ಗದ್ದೆಗಿಳಿಯುವವರ ಕಾಲ್ಬೆರಳ ಸಂದಿನಲ್ಲಿ ಕೆಸರುಹುಣ್ಣು ಏಳುವಂತೆಯೇ ಅಂಗಳ, ತೋಟ ಸುತ್ತುವ ನಾಯಿಗಳ ಬೆರಳ ಸಂದೂ ನೆನೆದು, ಕೆಂಪಾಗಿ, ಕೊನೆಗೆ ಹುಣ್ಣಾಗುತ್ತದೆ. ನಾಯಿಗೆ ಗೊತ್ತಿರುವ ಮದ್ದು ನೆಕ್ಕುವುದೊಂದೇ. ನೆಕ್ಕಿದಷ್ಟೂ ತೇವ ಹೆಚ್ಚುತ್ತದೆ, ತೇವ ಹೆಚ್ಚಿದಷ್ಟೂ ತುರಿಕೆ. ಯಾವ ಔಷಧಕ್ಕೂ ಮೊದಲು ಈ ಸುತ್ತನ್ನು ಕಡಿಯಬೇಕು.

ಹಗಲು ಬೆಳಕಿನಲ್ಲಿ ನಾಯಿಯನ್ನು ಮಗ್ಗುಲಾಗಿ ಮಲಗಿಸಿ, ಒಂದೊಂದೇ ಬೆರಳನ್ನು ಬಿಡಿಸಿ, ಸಂದಿನ ಮೇಲ್ಭಾಗವನ್ನೂ ಅಂಗಾಲಿನ ಮೆತ್ತೆಗಳ ನಡುವಿನ ಗುಳಿಯನ್ನೂ ನೋಡಿರಿ. ನೋವಿರುವ ಕಾಲನ್ನು ಮುಟ್ಟಿದರೆ ಸಾಧು ನಾಯಿಯೂ ಕಚ್ಚೀತು, ಆದ್ದರಿಂದ ತಲೆಯ ಕಡೆ ಮನೆಯವರೊಬ್ಬರು ಕೂರುವುದು ಕ್ಷೇಮ. ಎಷ್ಟು ಕಾಲುಗಳಿಗೆ ತೊಂದರೆಯಾಗಿದೆ ಎಂದು ಎಣಿಸುವುದನ್ನು ಮಾತ್ರ ಮರೆಯಬಾರದು. ಒಂದೇ ಕಾಲಾದರೆ ಮುಳ್ಳು, ಗಾಜಿನ ಚೂರು, ಮುರಿದ ಉಗುರು ಅಥವಾ ಸಂದಿನಲ್ಲಿ ಕಚ್ಚಿ ಕುಳಿತ ಉಣ್ಣೆಯನ್ನು ಹುಡುಕಬೇಕು. ಎರಡೋ ನಾಲ್ಕೋ ಕಾಲುಗಳು ಒಟ್ಟಿಗೆ ಕೆಂಪಾಗಿದ್ದರೆ ಅಲರ್ಜಿಯ ಅನುಮಾನ ಬಲವಾಗುತ್ತದೆ. ಬಿಳಿ ಕೂದಲಿನ ನಾಯಿಯ ಪಾದ ತುಕ್ಕಿನ ಬಣ್ಣಕ್ಕೆ ತಿರುಗಿದ್ದರೆ ಅದು ರಕ್ತವಲ್ಲ, ಬಹುದಿನ ನೆಕ್ಕಿದ ಜೊಲ್ಲಿನ ಕಲೆ. ಚರ್ಮ ಜಿಡ್ಡಾಗಿ, ಹುಳಿ ಬಂದ ಹಿಟ್ಟಿನಂಥ ವಾಸನೆ ಹೊಡೆಯುತ್ತಿದ್ದರೆ ಯೀಸ್ಟ್ ಎಂಬ ಶಿಲೀಂಧ್ರ ಬೆಳೆದಿರುವ ಸಂಭವ ಹೆಚ್ಚು. ಎಳೆಯ ನಾಯಿಯ ಪಾದದ ಕೂದಲು ಉದುರಿ ಚರ್ಮ ದಪ್ಪಗಾಗುತ್ತಿದ್ದರೆ ಕಣ್ಣಿಗೆ ಕಾಣದ ಹುಳಗಳಿಂದಾಗುವ ಕಜ್ಜಿಯೂ ಇರಬಹುದು. ಪಶುವೈದ್ಯರು ಚರ್ಮವನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರಷ್ಟೇ ಅದು ಖಚಿತವಾಗುತ್ತದೆ.

ಸಂದಿನ ಕೆಂಪು ಮೇಲ್ಮೈಯಲ್ಲಷ್ಟೇ ಇದ್ದರೆ ಮನೆಯ ಆರೈಕೆ ಸಾಕು. ಅಗಲವಾದ ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು ತುಂಬಿ, ಪೊವಿಡೋನ್ ಅಯೋಡಿನ್ ದ್ರಾವಣವನ್ನು ಹಾಲು ಹಾಕದ ತೆಳು ಚಹಾದ ಬಣ್ಣ ಬರುವಷ್ಟು ಬೆರೆಸಿ, ಪಾದವನ್ನು ಮೂರರಿಂದ ಐದು ನಿಮಿಷ ಅದ್ದಿ ಹಿಡಿಯಿರಿ. ಯೀಸ್ಟ್ ಇದೆಯೆಂದು ವೈದ್ಯರು ಹೇಳಿದ್ದರೆ ಕ್ಲೋರ್‌ಹೆಕ್ಸಿಡಿನ್ ಮತ್ತು ಮೈಕೊನಜೋಲ್ ಇರುವ ಶಾಂಪೂ ಬರೆದುಕೊಡುವುದುಂಟು. ಅದರ ನೊರೆ ಚರ್ಮದ ಮೇಲೆ ಹತ್ತು ನಿಮಿಷವಾದರೂ ನಿಲ್ಲಬೇಕು, ಹಚ್ಚಿದ ಕೂಡಲೇ ತೊಳೆದರೆ ದುಡ್ಡು ನೀರಿಗೆ ಹೋದಂತೆ.

ತೊಳೆಯುವುದಕ್ಕಿಂತ ಒರೆಸುವುದಕ್ಕೆ ಹೆಚ್ಚು ಹೊತ್ತು ಬೇಕು. ಹಳೆಯ ಹತ್ತಿ ಪಂಚೆಯ ತುಂಡನ್ನು ಬೆರಳಿಗೆ ಸುತ್ತಿಕೊಂಡು, ಪ್ರತಿ ಸಂದಿನೊಳಗೂ ತೂರಿಸಿ, ಉಜ್ಜದೆ ಒತ್ತಿ ನೀರು ಹೀರಿಸಿರಿ. ಮೇಲಿನ ಕೂದಲು ಒಣಗಿದಂತೆ ಕಂಡರೂ ಗುಳಿಯಲ್ಲಿ ತೇವ ಉಳಿದಿರುತ್ತದೆ, ಅದನ್ನು ಕೈಬೆರಳಿನಿಂದ ಮುಟ್ಟಿಯೇ ತಿಳಿಯಬೇಕು. ಸಂದಿನಲ್ಲಿ ಗಂಟುಗಟ್ಟಿದ ಕೂದಲನ್ನು ಮೊನೆ ಮೊಂಡಾದ ಕತ್ತರಿಯಿಂದ ಗಿಡ್ಡ ಮಾಡಿದರೆ ಕೆಸರು ನಿಲ್ಲುವುದಿಲ್ಲ. ಬೋಳಿಸುವುದು ಬೇಡ, ಮೊಳೆಯುವ ಕೂದಲು ಒಳಕ್ಕೆ ತಿರುಗಿ ಹೊಸ ಗುಳ್ಳೆ ಏಳುತ್ತದೆ.

ನೆಕ್ಕದಂತೆ ತಡೆಯಲು ಕೊರಳಿನ ಪ್ಲಾಸ್ಟಿಕ್ ಕೋನ್ ಒಂದೇ ನಂಬಿಕಸ್ತ ಸಾಧನ. ಕಾಲುಚೀಲ ತೊಡಿಸಿದರೆ ಅದು ಒದ್ದೆಯಾಗಿ ಇದ್ದುದನ್ನೂ ಕೆಡಿಸುತ್ತದೆ. ಮನುಷ್ಯರ ಮುಲಾಮಿನ ವಿಷಯದಲ್ಲಿ ನಾನೇ ತಪ್ಪಿದ್ದೇನೆ. ಮನೆಯಲ್ಲಿದ್ದ ತುರಿಕೆಯ ಮುಲಾಮನ್ನು ನಮ್ಮ ನಾಯಿಗೆ ಹಚ್ಚಿದಾಗ ಎರಡೇ ದಿನಕ್ಕೆ ಕೆಂಪು ಇಳಿಯಿತು, ವಾರ ಕಳೆಯುವುದರೊಳಗೆ ಅದೇ ಜಾಗದಲ್ಲಿ ಕೀವು ತುಂಬಿತು. ಅದರಲ್ಲಿದ್ದ ಸ್ಟಿರಾಯ್ಡ್ ಉರಿಯನ್ನು ಮುಚ್ಚಿಟ್ಟು ಸೋಂಕಿಗೆ ದಾರಿ ಬಿಟ್ಟಿತ್ತು. ಸತುವಿನ ಆಕ್ಸೈಡ್ ಇರುವ ಮುಲಾಮು ಹೊಟ್ಟೆಗೆ ಹೋದರೆ ವಿಷವಾಗುತ್ತದೆ. ನೋವಿಗೆಂದು ಐಬುಪ್ರೊಫೇನ್ ಕೊಡುವುದಂತೂ ಪ್ರಾಣಕ್ಕೇ ಅಪಾಯ.

ಉಣ್ಣೆ ಸಿಕ್ಕರೆ ಸೀಮೆಎಣ್ಣೆ ಸುರಿಯುವ, ಬೀಡಿಯಿಂದ ಸುಡುವ ಹಳೆಯ ರೂಢಿಯನ್ನು ಬಿಡಬೇಕು. ಕೈಗವಸು ತೊಟ್ಟು, ಸಪೂರ ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು, ತಿರುಚದೆ ನೇರವಾಗಿ ಎಳೆದರೆ ತಲೆಸಮೇತ ಬರುತ್ತದೆ. ಫಿನಾಯಿಲ್ ಹಾಕಿ ಒರೆಸಿದ ನೆಲ ಆರುವ ಮೊದಲೇ ನಾಯಿ ಓಡಾಡುವ ಮನೆಗಳಲ್ಲಿ ಅಂಗಾಲಿನ ಉರಿಗೆ ಅದೂ ಕಾರಣವಾಗಬಹುದಾದ್ದರಿಂದ, ಕೆಲವು ದಿನ ಬರೀ ನೀರಿನಲ್ಲಿ ಒರೆಸಿ ನೋಡಿರಿ.

ಎರಡು ಮೂರು ದಿನದ ಆರೈಕೆಗೆ ಜಗ್ಗದಿದ್ದರೆ, ಸಂದಿನಲ್ಲಿ ನೆಲ್ಲಿಕಾಯಿಯಂಥ ಗಂಟೆದ್ದು ಒಡೆದಿದ್ದರೆ, ನಾಯಿ ಕಾಲೂರದಿದ್ದರೆ ಅಥವಾ ಊಟ ಬಿಟ್ಟಿದ್ದರೆ ಪಶು ಆಸ್ಪತ್ರೆಗೆ ಕರೆದೊಯ್ಯಬೇಕು. ಗಂಟನ್ನು ಹಿಂಡಿದರೆ ಅದು ಒಳಗೇ ಒಡೆದು ಸೋಂಕು ಆಳಕ್ಕಿಳಿಯುತ್ತದೆ. ಆಳದ ಸೋಂಕಿಗೆ ವಾರಗಟ್ಟಲೆ ಮಾತ್ರೆ ನುಂಗಿಸಬೇಕಾಗುತ್ತದೆ, ಮೇಲಿನ ಗಾಯ ಮಾಯಿತೆಂದು ನಡುವೆ ನಿಲ್ಲಿಸಬಾರದು. ಆಹಾರದ ಅಲರ್ಜಿಯನ್ನು ಪರೀಕ್ಷಿಸಲು ವೈದ್ಯರು ಹೇಳಿದ ಪಥ್ಯ ಕನಿಷ್ಠ 8 ವಾರ ನಡೆಯಬೇಕು, ಆ ಅವಧಿಯಲ್ಲಿ ಅಜ್ಜಿ ಕದ್ದು ಹಾಕುವ ಬಿಸ್ಕತ್ತೂ ಲೆಕ್ಕಕ್ಕೆ ಬರುತ್ತದೆ.